ತಪ್ಪಿದ್ದು ದಿನ

ಸಾಲ್ತೊ ಊರಿನ ಜುಲೈ ಚಳಿ. ಕಾರಿಡಾರಿನ ಬೆಂಚಿನ ತುದಿಯಲ್ಲಿ
ಇನ್ನೇನು ಇಳಿಯುವ ಸ್ಟಾಪು ಬಂತು ಎಂಬಂತೆ
ನೀನು ಕೂತಿದ್ದೆ, ಮೈತೆ.
ಹೆಬ್ಬೆರಳ ಉಗುರಿಗೆ ಅಂಟಿಕೊಂಡೇ ಇತ್ತು
ಕಿತ್ತಳೆ ಹಣ್ಣಿನ ಸ್ಟಿಕ್ಕರು.

"ನಂದು ತಪ್ಪಿದೆ" ಅಂದೆ ನೀನು.
ಏಳು ವಾರ, ಅಂದಿತು ಸ್ಕ್ಯಾನು.
ತಪ್ಪಿದ್ದು ದಿನ ಕಣೇ, ನೀನಲ್ಲ
ಎನ್ನುವ ಮಾತು ನಾಲಿಗೆಯವರೆಗೆ ಬಂದು ನಿಂತಿತು.
ಮೊದಲ ಭೇಟಿಯಲ್ಲಿ
ಸಮಾಧಾನವೂ ಒಂದು ಒತ್ತಾಯ.

ಕಾನೂನು ಇಲ್ಲಿ ಮೂವರನ್ನು ಕೂರಿಸುತ್ತದೆ:
ವೈದ್ಯ, ಮನಸ್ಸಿನ ಡಾಕ್ಟರಮ್ಮ,
ಕೊನೆಗೆ ನಾನು, ನೆಲಿದಾ, ಕಾಗದಪತ್ರದವಳು.
ಆಮೇಲೆ ಐದು ದಿನ ಕೊಡುತ್ತದೆ, ಯೋಚಿಸು ಅಂತ,
ಅಲ್ಲಿಯವರೆಗೆ ಯೋಚಿಸದೇ ಬಂದವಳ ಹಾಗೆ.

"ಮಾತೆ ಬೇಕಾ?"
ಸೋರೆಬುರುಡೆ ಮುಂದೆ ಹಿಡಿದೆ.
ಕಹಿ ಎಲೆ, ಬಿಸಿನೀರು, ಒಂದೇ ಕೊಳವೆ, ಸರದಿಯ ಮೇಲೆ ಹೀರುವುದು.
"ಈಗ ಬೇಡ" ಅಂದೆ ನೀನು.

ಹೇಳಬೇಕಾದ್ದನ್ನು ಹೇಳಿದೆ.
ಇರಲಿ ಅಂದರೆ, ಆಸ್ಪತ್ರೆ ಹಿಂದಿನ ಬೀದಿಯಲ್ಲಿ ಶಿಶುವಿಹಾರ ಇದೆ,
ಆರಕ್ಕೇ ಬಾಗಿಲು ತೆಗೆಯುತ್ತಾರೆ, ನಿನ್ನ ಪ್ಯಾಕಿಂಗ್ ಶೆಡ್ಡಿನ ಪಾಳಿಗೆ ಹೊಂದುತ್ತದೆ.
ತಿಂಗಳಿಗಿಷ್ಟು ಹಣ ಬರುತ್ತದೆ. ಸಾಲುವುದಿಲ್ಲ, ಸುಳ್ಳು ಹೇಳಲಾರೆ.
ಹೆತ್ತು ಬೇರೆ ಮಡಿಲಿಗೆ ಅಂದರೆ, ಸಹಿ ಹೆತ್ತ ಮೇಲೆಯೇ.
ಮುಖ ನೋಡಬಹುದು. ನೋಡದೆಯೂ ಇರಬಹುದು.
ಕಾಗದ ಬರೆದಿಟ್ಟರೆ ಜೋಪಾನ ಮಾಡುತ್ತೇವೆ.
ನಿಲ್ಲಿಸುತ್ತೇನೆ ಅಂದರೆ, ಮಾತ್ರೆ;
ನಿನ್ನದೇ ಮನೆ, ಬಿಸಿನೀರಿನ ಚೀಲ, ಜೊತೆಗೊಬ್ಬರು.
ರಕ್ತ ಎಷ್ಟಾದರೆ ಫೋನು ಮಾಡಬೇಕೆಂದು ಬರೆದು ಕೊಡುತ್ತೇನೆ.
"ನೀವಾಗಿದ್ದರೆ?"
ನಾನಲ್ಲವಲ್ಲ, ಅಂದೆ.

ಯಮಂದೂಗೆ ಹೇಳಿದ್ದೆಯಂತೆ.
"ನೀನು ಹೇಳಿದ ಹಾಗೆ" ಅಂದನಂತೆ.
ಒಳ್ಳೆಯವನೇ. ಆದರೆ
ಆ ಮೂರು ಮಾತಿನಲ್ಲಿ ಒಂದು ಬಾಗಿಲಿತ್ತು,
ಅವನ ಬೆನ್ನಿನಷ್ಟೇ ಅಗಲ.

ನನ್ನ ಅಕ್ಕ ಮಿರ್ತಾಳಿಗೆ ಯಾರೂ ಐದು ದಿನ ಕೊಟ್ಟಿರಲಿಲ್ಲ.
ಎಪ್ಪತ್ತೊಂಬತ್ತರ ಒಂದು ರಾತ್ರಿ, ಹೊಳೆಯಾಚೆ,
ಯಾರದೋ ಅಡುಗೆಮನೆಯ ಮೇಜು.
ಮರಳುವಾಗ ದೋಣಿಯಲ್ಲಿ ಕೋಟು ಹೊದ್ದು ಮುದುಡಿ
ಅಂಬಿಗನ ಹತ್ತಿರ ಮೀನಿನ ರೇಟು ವಿಚಾರಿಸಿದಳಂತೆ.
ಎರಡು ವಾರ ಜ್ವರ.
ಅಮ್ಮ ಅದನ್ನು ಶೀತ ಅಂದಳು.
ಸಾಯುವವರೆಗೂ ಶೀತ ಅಂದಳು.

ಇದನ್ನು ನಿನಗೆ ಹೇಳಲಿಲ್ಲ.
ನಿನ್ನ ತಕ್ಕಡಿಗೆ ನನ್ನ ಮನೆಯ ಕಲ್ಲು ಯಾಕೆ.

ಐದು ದಿನ ನೀನು ಬೆಲ್ಟಿನ ಮೇಲೆ ಹಣ್ಣು ಆಯ್ದೆ.
ಹಣ್ಣಾದರೆ ಕೈಗೇ ಗೊತ್ತಾಗುತ್ತೆ, ಅಂದೆ ಆಮೇಲೆ.
ಆರೆ ಅಂದರೆ ಅಯ್ಯೋ ಪಾಪ ಅನ್ನುತ್ತಾರೆ.
ಒಲ್ಲೆ ಅಂದರೆ ಕಲ್ಲು ಅನ್ನುತ್ತಾರೆ.
ಆರೆಗೂ ಒಲ್ಲೆಗೂ ನಡುವೆ
ಇಡೀ ವಾರ ಬೆಲ್ಟು ಓಡುತ್ತಲೇ ಇತ್ತು.

ಆರನೆಯ ದಿನ ಬೆಂಚಿನ ನಡುವೆ ಕೂತಿದ್ದೆ ನೀನು, ತುದಿಯಲ್ಲಲ್ಲ.
"ಈಗ ಒಲ್ಲೆ" ಅಂದೆ. "ಕೈಲಾಗದ್ದಕ್ಕಲ್ಲ."
ಫೈಲಿನಲ್ಲಿ ಅದಕ್ಕೆ ಚೌಕವಿರಲಿಲ್ಲ. ಅಂಚಿನಲ್ಲಿ ಬರೆದುಕೊಂಡೆ.

ಶನಿವಾರ ರಾತ್ರಿ ಎರಡೂ ನಲವತ್ತಕ್ಕೆ ದಿಂಬಿನಡಿ ಫೋನು ಅದುರಿತು.
"ಎಲ್ಲ ಸರಿಯಾಗಿದೆ, ಕಾಗದದಲ್ಲಿ ಬರೆದಷ್ಟೇ.
ಎಚ್ಚರ ಇದ್ದೀರಾ ಅಂತ ನೋಡಿದೆ."
ಇದ್ದೆ.
ಆ ಕಡೆ ನಿನ್ನ ಕೆಟಲ್ಲು, ಈ ಕಡೆ ಪಕ್ಕದ ಮನೆಯ ನಾಯಿ;
ಬಹಳ ಹೊತ್ತು ಇಬ್ಬರೂ ಅದನ್ನೇ ಕೇಳಿಸಿಕೊಂಡೆವು.
ಆಗ ಹೇಳಿದೆ ಆ ಮಾತು. ತಪ್ಪಿದ್ದು ದಿನ.
ನೀನು ಅತ್ತೆಯೋ ನಕ್ಕೆಯೋ,
ಫೋನಿನಲ್ಲಿ ಎರಡೂ ಒಂದೇ ಥರ.

ಎರಡು ವಾರ ಬಿಟ್ಟು ತಪಾಸಣೆಗೆ ಬಂದಾಗ
ಬುರುಡೆ ನೀನೇ ಕೈಚಾಚಿ ಇಸಿದುಕೊಂಡೆ.
ತಳದ ಸದ್ದು ಬರುವವರೆಗೂ ಹೀರಿ, ಮರಳಿಸಿ,
"ಗ್ರಾಸಿಯಾಸ್" ಅಂದೆ.
ಇಲ್ಲಿನ ರೂಢಿ ಅದು:
ಹಾಗಂದವಳಿಗೆ ಮತ್ತೆ ಸುರಿಯುವುದಿಲ್ಲ,
ಯಾಕೆಂದೂ ಕೇಳುವುದಿಲ್ಲ.

ನೀನು ಹೋದ ಮೇಲೆ ನೋಡಿದರೆ
ಕುರ್ಚಿಯ ಕೈಗೆ ಅಂಟಿದ್ದ ಕಿತ್ತಳೆ ಸ್ಟಿಕ್ಕರು.
ಉಗುರಿನಿಂದ ಕೆರೆದೆ. ಅರ್ಧ ಬಂತು.